ಬಂಡಿ ಹೋದ ಹಾದಿ ಯಾರದು?

ನಮ್ಮ ಊರುಗಳ ಗ್ರಾಮನಕಾಶೆಯನ್ನು ಒಮ್ಮೆಯಾದರೂ ಬಿಡಿಸಿ ನೋಡಿದವರಿಗೆ ಅದರೊಳಗಿನ ಕಾಲುದಾರಿ ಮತ್ತು ಬಂಡಿದಾರಿಗಳ ಗೆರೆಗಳು ಪರಿಚಿತವೇ. ಊರು ಬಿಟ್ಟು ಮುಂಬಯಿ, ಪುಣೆಗಳಲ್ಲಿ ನೆಲೆಯೂರಿದ ನಮಗೆ ಆ ನಕಾಶೆ ನೆನಪಾಗುವುದು ಬಹುಮಟ್ಟಿಗೆ ತಕರಾರು ಬಂದಾಗ ಮಾತ್ರ. ಅಜ್ಜನ ಕಾಲದಿಂದ ಬಂಡಿ ಓಡಾಡಿದ ದಾರಿಗೆ ಯಾರೋ ಮುಳ್ಳು ಹಚ್ಚಿರುತ್ತಾರೆ. ಇಲ್ಲವೆ, ಎತ್ತಿನ ಬಂಡಿಗೆಂದು ಬಿಟ್ಟ ದಾರಿಯಲ್ಲಿ ಟ್ರ್ಯಾಕ್ಟರು ಬರಬಹುದೇ ಎಂಬ ಪ್ರಶ್ನೆ ಎದ್ದಿರುತ್ತದೆ. ಮೇಲುನೋಟಕ್ಕೆ ಇದು ಹಳ್ಳಿಯ ಸಣ್ಣ ಜಗಳ. ಆದರೆ ಇದೇ ಪ್ರಶ್ನೆಯನ್ನು ಒಂದು ದೇಶ ನೂರು ವರ್ಷಗಳಿಗೂ ಮಿಕ್ಕಿ ಸಂಸತ್ತಿನಲ್ಲಿಯೂ ನ್ಯಾಯಾಲಯಗಳಲ್ಲಿಯೂ ಚರ್ಚಿಸಿಕೊಂಡು ಬಂದಿದೆ. ಅಲ್ಲಿ ಟ್ರ್ಯಾಕ್ಟರಿನ ಜಾಗದಲ್ಲಿ ನಿಂತಿರುವುದು ಮೋಟಾರ್ ಸೈಕಲ್ಲು. ಇಂಗ್ಲೆಂಡಿನ ‘ಹಸಿರುಹಾದಿ’ಗಳ ಆ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಿದ್ದೇವೆ.

ಇಂಗ್ಲೆಂಡಿನ ಹಳೆಯ ನ್ಯಾಯಪದ್ಧತಿಯಲ್ಲಿ ಹಾದಿ ಎಂದರೆ ನೆಲವಲ್ಲ, ಹಕ್ಕು. ನೆಲ ಒಬ್ಬ ಜಮೀನುದಾರನದಾಗಿದ್ದರೂ ಅದರ ಮೇಲೆ ಹಾದುಹೋಗುವ ಅಧಿಕಾರ ಎಲ್ಲರದಾಗಿರಬಹುದು. ಆ ಅಧಿಕಾರದಲ್ಲಿ ಮೂರು ಮೆಟ್ಟಿಲುಗಳಿದ್ದವು: ನಡೆದು ಹೋಗುವುದು, ಕುದುರೆಯ ಮೇಲೆ ಹೋಗುವುದು, ಬಂಡಿಯಲ್ಲಿ ಹೋಗುವುದು. ಬಂಡಿಯ ಹಕ್ಕಿದ್ದಲ್ಲಿ ಉಳಿದೆರಡು ಹಕ್ಕುಗಳೂ ಅಡಕವಾಗಿರುತ್ತಿದ್ದವು. ಇದಕ್ಕೆ ಸೇರಿದ ಇನ್ನೊಂದು ತತ್ತ್ವವೆಂದರೆ, ಒಮ್ಮೆ ಸಾರ್ವಜನಿಕ ಹಾದಿಯಾದದ್ದು ಎಂದೆಂದಿಗೂ ಸಾರ್ವಜನಿಕ ಹಾದಿಯೇ. ನೂರು ವರ್ಷ ಯಾರೂ ನಡೆಯದೆ ಹುಲ್ಲು ಬೆಳೆದರೂ ಹಕ್ಕು ಸಾಯುವುದಿಲ್ಲ. ಕಾನೂನಿನ ಕ್ರಮದಿಂದ ಅದನ್ನು ಮುಚ್ಚಬೇಕೇ ಹೊರತು ಮರೆವಿನಿಂದ ಅದು ಮುಚ್ಚಿಹೋಗದು.

ಇಲ್ಲಿ ಇತಿಹಾಸದ ಒಂದು ವ್ಯಂಗ್ಯವನ್ನು ಗಮನಿಸಬೇಕು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಗೋಮಾಳಗಳನ್ನೂ ಸಾಮೂಹಿಕ ಬಯಲುಗಳನ್ನೂ ಬೇಲಿ ಹಾಕಿ ಖಾಸಗಿ ಜಮೀನುಗಳನ್ನಾಗಿ ಹಂಚಲಾಯಿತು. ಬಡವರು ದನ ಮೇಯಿಸುವ ಹಕ್ಕನ್ನು ಕಳೆದುಕೊಂಡದ್ದು ಈ ಕಾಯ್ದೆಗಳಿಂದಲೇ. ಆದರೆ ಅದೇ ಹಂಚಿಕೆಯ ದಾಖಲೆಗಳಲ್ಲಿ ಸಾರ್ವಜನಿಕ ಬಂಡಿರಸ್ತೆಗಳನ್ನೂ ಗುರುತಿಸಲಾಗಿತ್ತು. ಅಂಥ ರಸ್ತೆ ಕನಿಷ್ಠ 30 ಅಡಿ ಅಗಲವಿರಬೇಕೆಂದು 1801ರ ಕಾಯ್ದೆ ವಿಧಿಸಿತ್ತು. ಬಯಲನ್ನು ಕಸಿದುಕೊಂಡ ಕಾಗದವೇ ಹಾದಿಯನ್ನು ಕಾಪಾಡಿಕೊಂಡು ಬಂದಿತು. ಎರಡು ಶತಮಾನಗಳ ತರುವಾಯ ಮೋಟಾರ್ ಸೈಕಲ್ ಸವಾರರು ದಫ್ತರಖಾನೆಗಳ ಧೂಳು ಕೊಡವಿ ಹುಡುಕಿದ್ದು ಇದೇ ಕಾಗದಗಳನ್ನು.

ಬಂಡಿಯ ಹಕ್ಕು ಯಂತ್ರಕ್ಕೆ ದೊರೆತದ್ದು ಹೇಗೆ? 1879ರ ಒಂದು ತೀರ್ಪಿನಲ್ಲಿ ನ್ಯಾಯಾಲಯವು ಬೈಸಿಕಲ್ಲು ಕೂಡ ಒಂದು ಬಗೆಯ ಬಂಡಿಯೇ ಎಂದು ಹೇಳಿತು. ಅದರ ಸವಾರ ಅತಿವೇಗದ ಆರೋಪದಿಂದ ನುಣುಚಿಕೊಳ್ಳಬಾರದೆಂಬುದೇ ಆ ತೀರ್ಪಿನ ಸಂದರ್ಭ. 1896ರ ಕಾಯ್ದೆಯು ಹಗುರ ಮೋಟಾರು ವಾಹನಗಳನ್ನೂ ಬಂಡಿಗಳ ಸಾಲಿಗೆ ಸೇರಿಸಿತು. ಹೀಗೆ ಶಿಸ್ತಿಗೆ ಒಳಪಡಿಸಲು ಕೊಟ್ಟ ಹೆಸರು ಕ್ರಮೇಣ ಹಕ್ಕಿನ ಆಧಾರವಾಯಿತು. ರೈತನ ಕುದುರೆಬಂಡಿ ಹೋಗಬಹುದಾದಲ್ಲೆಲ್ಲ ಮೋಟಾರ್ ಸೈಕಲ್ಲೂ ಹೋಗಬಹುದಾಯಿತು.

ಆಗ ಇದರಿಂದ ಯಾರಿಗೂ ಅಚ್ಚರಿಯಾಗಲಿಲ್ಲ. ಹಳ್ಳಿಗಾಡಿನ ರಸ್ತೆಗಳೆಲ್ಲ ಜಲ್ಲಿ, ಮಣ್ಣು, ಕೆಸರು. ಯಂತ್ರದ ಬಲವನ್ನು ಪರೀಕ್ಷಿಸಬೇಕೆಂದರೆ ಕಡಿದಾದ ಗುಡ್ಡದ ದಾರಿಯನ್ನೇ ಹತ್ತಬೇಕು. ಸ್ಕಾಟ್ಲೆಂಡಿನ ಪ್ರಸಿದ್ಧ ಆರು ದಿನಗಳ ಸ್ಪರ್ಧೆಯ ಮೂಲ 1909ರಷ್ಟು ಹಿಂದಿನದು. 1913ರಲ್ಲಿ ಕಾರ್ಲೈಲ್ ಪಟ್ಟಣದಲ್ಲಿ ಮೊದಲ ಅಂತರರಾಷ್ಟ್ರೀಯ ಆರು ದಿನಗಳ ಸ್ಪರ್ಧೆ ನಡೆಯಿತು. ಆದರೆ ಕಾಲ ಸರಿದಂತೆ ಮುಖ್ಯ ರಸ್ತೆಗಳಿಗೆ ಡಾಂಬರು ಬಂತು, ಉಳಿದವುಗಳನ್ನು ಕಡೆಗಣಿಸಲಾಯಿತು. ಹಾಗೆ ಕಡೆಗಣಿತವಾಗಿ ಹುಲ್ಲು ಹಬ್ಬಿದ ಹಳೆಯ ರಸ್ತೆಗಳೇ ಇಂದಿನ ಹಸಿರುಹಾದಿಗಳು. ನಡೆಯುವವರಿಗೆ ಅವು ಪ್ರಕೃತಿಯ ಭಾಗವಾಗಿ ಕಂಡವು, ಸವಾರರಿಗೆ ಡಾಂಬರು ಕಾಣದ ರಸ್ತೆಗಳಾಗಿ ಕಂಡವು. ಜಗಳದ ಬೀಜವಿರುವುದು ಈ ಎರಡು ನೋಟಗಳಲ್ಲಿಯೇ.

ನಡೆಯುವವರ ಹಕ್ಕೂ ಸುಲಭವಾಗಿ ಬಂದದ್ದಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರಿನ ಸುತ್ತಮುತ್ತಲ ಕಾರ್ಖಾನೆಗಳ ಯುವಕರು, ಬೆನ್ನಿ ರಾತ್‌ಮನ್ ಎಂಬ ತರುಣನ ಮುಂದಾಳತ್ವದಲ್ಲಿ, ಶ್ರೀಮಂತರು ಬೇಟೆಗೆಂದು ಮೀಸಲಿಟ್ಟಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ಬೇಕೆಂದೇ ಅತಿಕ್ರಮಿಸಿ ಹತ್ತಿದರು. ಐವರಿಗೆ ಸೆರೆವಾಸವಾಯಿತು. ಆ ಬೆಟ್ಟವಿರುವ ಪೀಕ್ ಡಿಸ್ಟ್ರಿಕ್ಟ್ 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ವಾರವಿಡೀ ಯಂತ್ರಗಳ ಸದ್ದಿನಲ್ಲಿ ದುಡಿದವರು ಭಾನುವಾರದ ಮೌನಕ್ಕಾಗಿ ಜೈಲಿಗೆ ಹೋದರು ಎಂಬುದನ್ನು ನೆನೆದರೆ, ಅದೇ ಬೆಟ್ಟಸೀಮೆಯ ಹಾದಿಯಲ್ಲಿ ಎಂಜಿನ್ನಿನ ಸದ್ದು ಕೇಳಿದಾಗ ನಡೆಯುವವರ ಮನಸ್ಸು ಏಕೆ ಕಹಿಯಾಗುತ್ತದೆ ಎಂಬುದು ಅರ್ಥವಾದೀತು.

ರಾಷ್ಟ್ರೀಯ ಉದ್ಯಾನಗಳಿಗೆ ದಾರಿ ಮಾಡಿದ 1949ರ ಕಾಯ್ದೆಯೇ ಹಾದಿಗಳನ್ನೆಲ್ಲ ಅಧಿಕೃತ ನಕಾಶೆಯಲ್ಲಿ ಬರೆಯಬೇಕೆಂದು ವಿಧಿಸಿತು. ನಕಾಶೆಯಲ್ಲಿದ್ದರೆ ಹಕ್ಕು ಸಿದ್ಧ, ಬೇರೆ ಸಾಕ್ಷಿ ಬೇಡ. ಆದರೆ ಕಾಲುದಾರಿ, ಕುದುರೆದಾರಿ ಎಂಬ ಎರಡು ಸ್ಪಷ್ಟ ವರ್ಗಗಳ ಜೊತೆಗೆ ‘ಸಾರ್ವಜನಿಕ ಹಾದಿಯಾಗಿ ಬಳಕೆಯಲ್ಲಿರುವ ರಸ್ತೆ’ ಎಂಬ ಮೂರನೆಯದೊಂದು ಗೊಂದಲದ ವರ್ಗವನ್ನು ಆ ಕಾಯ್ದೆ ಸೃಷ್ಟಿಸಿತು. ಅದರ ಮೇಲೆ ಬಂಡಿಯ ಹಕ್ಕಿದೆಯೋ ಇಲ್ಲವೋ ಎಂಬುದನ್ನು ಖಚಿತಪಡಿಸಲಿಲ್ಲ. ಮುಂದಿನ ಐವತ್ತು ವರ್ಷಗಳ ವ್ಯಾಜ್ಯ ಈ ಒಂದು ಅಸ್ಪಷ್ಟತೆಯಿಂದ ಹುಟ್ಟಿತು.

1968ರ ಕಾಯ್ದೆ ಈ ಗೊಂದಲದ ಹಾದಿಗಳನ್ನು ಮರುವಿಂಗಡಿಸಲು ಹೊರಟಿತು. ಹಾದಿ ವಾಹನಗಳಿಗೆ ತಕ್ಕುದೇ ಎಂಬುದನ್ನು ನೋಡಿ ತೀರ್ಮಾನಿಸಬೇಕೆಂದಿತು. ಹಳೆಯ ಹಕ್ಕು ಹೀಗೆ ಅಳಿಸಿಹೋಗುವುದೆಂದು ಆತಂಕಗೊಂಡ ಸವಾರರು 1970ರಲ್ಲಿ ‘ಟ್ರೇಲ್ ರೈಡರ್ಸ್ ಫೆಲೋಶಿಪ್’ ಎಂಬ ಸಂಘವನ್ನು ಕಟ್ಟಿಕೊಂಡರು. 1981ರ ಕಾಯ್ದೆ ಲೋಲಕವನ್ನು ಇನ್ನೊಂದು ಬದಿಗೆ ತಳ್ಳಿತು: ತಕ್ಕುದೇ ಎಂಬ ಪ್ರಶ್ನೆ ಬೇಡ, ಹಕ್ಕು ಇದೆಯೇ ಇಲ್ಲವೇ ಎಂಬುದಷ್ಟೇ ಮುಖ್ಯ. ಹಕ್ಕಿದ್ದರೆ ಅದು ‘ಸರ್ವವಾಹನಗಳಿಗೂ ತೆರೆದ ಹಾದಿ’. ಅಂದಿನಿಂದ ಹಳೆಯ ದಾಖಲೆಗಳೇ ಎರಡೂ ಪಕ್ಷಗಳ ಆಯುಧಗಳಾದವು.

ಈ ನಡುವೆ ಯಂತ್ರ ಬದಲಾಗಿತ್ತು. ಹಗುರಾದ, ಬಲವಾದ, ಗುಡ್ಡ ಹತ್ತಲೆಂದೇ ರೂಪಿಸಿದ ಮೋಟಾರ್ ಸೈಕಲ್ಲುಗಳು ಬಂದವು. ನಾಲ್ಕೂ ಗಾಲಿಗೆ ಬಲವಿರುವ ಜೀಪುಗಳೂ ಬಂದವು. ಮಳೆಗಾಲದ ಮೆತ್ತನೆಯ ನೆಲದಲ್ಲಿ ಗಾಲಿಗಳು ಕೊರೆದ ಕೊರಕಲಿನಲ್ಲಿ ನೀರು ಹರಿಯುತ್ತದೆ. ಕೊರಕಲು ಆಳವಾದಷ್ಟೂ ಜನ ಅಂಚಿನಲ್ಲಿ ನಡೆಯುತ್ತಾರೆ. ಹಾದಿ ಅಗಲವಾಗಿ ಹುಲ್ಲುಗಾವಲು ಸವೆಯುತ್ತದೆ. ಕುದುರೆ ಸವಾರರಿಗೆ ಅಪಾಯ ಇನ್ನೂ ಹತ್ತಿರದ್ದು: ತಿರುವಿನಲ್ಲಿ ಹಠಾತ್ತನೆ ಎಂಜಿನ್ ಗುಡುಗಿದರೆ ಕುದುರೆ ಬೆದರುತ್ತದೆ, ಸವಾರ ನೆಲಕ್ಕೆ ಬೀಳುತ್ತಾನೆ. ದೂರು ನೀಡಿದವರೆಲ್ಲ ಮೌನಪ್ರಿಯ ಶ್ರೀಮಂತರೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹಾಗೆಯೇ ಸವಾರರೆಲ್ಲ ಪುಂಡರೆಂಬುದೂ ನ್ಯಾಯವಲ್ಲ. ಹಸಿರುಹಾದಿ ಕಾನೂನಿನ ಕಣ್ಣಿನಲ್ಲಿ ರಸ್ತೆಯೇ ಆದ್ದರಿಂದ ಅಲ್ಲಿ ಹೋಗುವವನಿಗೆ ಲೈಸೆನ್ಸು, ವಿಮೆ, ನೋಂದಣಿ ಎಲ್ಲವೂ ಕಡ್ಡಾಯ. ಸಣ್ಣ ಗುಂಪಿನಲ್ಲಿ ಸಾಗುವುದು, ಕುದುರೆ ಕಂಡರೆ ನಿಂತು ಎಂಜಿನ್ ಆರಿಸುವುದು, ಗೇಟನ್ನು ಮುಚ್ಚಿ ಮುಂದೆ ಹೋಗುವುದು ಸಂಘದ ಸವಾರರ ರೂಢಿ. ನಂಬರ್ ಪ್ಲೇಟಿಲ್ಲದ ಯಂತ್ರವನ್ನೇರಿ ಕಾಲುದಾರಿಗೆ ನುಗ್ಗುವವನು ಬೇರೆಯೇ ವ್ಯಕ್ತಿ. ಅಂಥ ಚಾಲನೆ 1930ರಿಂದಲೇ ಅಪರಾಧ. ಆದರೆ ದೂರದಿಂದ ಬರುವ ಸದ್ದಿನಲ್ಲಿ ಇವನಾರು, ಅವನಾರು ಎಂಬ ಭೇದ ತಿಳಿಯುವುದಿಲ್ಲ. ಒಬ್ಬನ ತಪ್ಪಿನ ಹೊರೆ ಎಲ್ಲರ ಹೆಗಲಿಗೂ ಬಿತ್ತು.

2006ರಲ್ಲಿ ಸಂಸತ್ತು ಕತ್ತಿ ಬೀಸಿತು. ಆ ವರ್ಷದ ಮೇ 2ರಂದು ಇಂಗ್ಲೆಂಡಿನಲ್ಲಿ, ನಕಾಶೆಯಲ್ಲಿ ದಾಖಲಾಗದೆ ಉಳಿದಿದ್ದ ಮೋಟಾರು ವಾಹನಗಳ ಹಕ್ಕುಗಳು, ಕೆಲವು ವಿನಾಯಿತಿಗಳ ಹೊರತು, ಒಮ್ಮೆಗೇ ನಂದಿಹೋದವು. ಗೊಂದಲದ ವರ್ಗದಲ್ಲಿ ಉಳಿದಿದ್ದ ಹಾದಿಗಳು ಅಂದೇ ‘ನಿರ್ಬಂಧಿತ ಹಾದಿ’ಗಳಾದವು: ಕುದುರೆಬಂಡಿ ಹೋಗಬಹುದು, ಮೋಟಾರು ಹೋಗಲಾಗದು. ಎಂದೆಂದಿಗೂ ಹಾದಿಯೇ ಎಂಬ ತತ್ತ್ವಕ್ಕೆ ಯಂತ್ರದ ಮಟ್ಟಿಗೆ ತೆರೆ ಬಿತ್ತು. 2005ರ ಜನವರಿ 20ಕ್ಕೆ ಮುಂಚೆ ನಿಯಮಬದ್ಧವಾಗಿ ಅರ್ಜಿ ಸಲ್ಲಿಸಿದ್ದವರಿಗೆ ಮಾತ್ರ ಬಾಗಿಲು ತುಸು ತೆರೆದಿತ್ತು.

ನಿಯಮಬದ್ಧ ಎಂದರೇನು ಎಂಬುದೇ ಮುಂದಿನ ಹೋರಾಟ. ಡಾರ್ಸೆಟ್ ಜಿಲ್ಲೆಯ ಐದು ಹಾದಿಗಳಿಗಾಗಿ 2004ರಲ್ಲಿ ಅರ್ಜಿಗಳು ಬಂದಿದ್ದವು. ಅವುಗಳಿಗೆ ಲಗತ್ತಿಸಿದ ನಕಾಶೆ ಅಗತ್ಯವಾದ 1:25,000 ಪ್ರಮಾಣದಲ್ಲೇ ಇತ್ತು. ಆದರೆ ಅದಕ್ಕಿಂತ ಚಿಕ್ಕ ಪ್ರಮಾಣದ ಮೂಲನಕಾಶೆಯನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಅದನ್ನು ತಯಾರಿಸಲಾಗಿತ್ತು. ಇದು ಸಲ್ಲದೆಂದು ಜಿಲ್ಲಾ ಆಡಳಿತ ತಿರಸ್ಕರಿಸಿತು. ವಿವಾದ ಮೇಲೇರುತ್ತ ದೇಶದ ಸುಪ್ರೀಂ ಕೋರ್ಟನ್ನು ಮುಟ್ಟಿತು. 2015ರಲ್ಲಿ ಮೂವರು ನ್ಯಾಯಾಧೀಶರು ನಕಾಶೆ ಸಲ್ಲುವುದೆಂದರು, ಇಬ್ಬರು ಸಲ್ಲದೆಂದರು. ಸವಾರರು ಗೆದ್ದರು. ಆದರೆ ಈ ವ್ಯಾಜ್ಯದುದ್ದಕ್ಕೂ ಹಾದಿಯಲ್ಲಿ ಬಂಡಿಗಳು ನಿಜವಾಗಿ ಓಡಾಡಿದ್ದವೇ ಎಂಬ ಪ್ರಶ್ನೆ ಮುನ್ನೆಲೆಗೆ ಬರಲೇ ಇಲ್ಲ. ಗೆಲುವು ಸೋಲುಗಳು ತೂಗಿದ್ದು ಕಾಗದದ ಅಳತೆಯ ಮೇಲೆ.

ಇಂದು ಇಂಗ್ಲೆಂಡಿನ ಸುಮಾರು 1,88,000 ಕಿಲೋಮೀಟರ್ ಸಾರ್ವಜನಿಕ ಹಾದಿಗಳಲ್ಲಿ ಸರ್ವವಾಹನಗಳಿಗೂ ತೆರೆದವು ಶೇಕಡ 2ರಷ್ಟು ಮಾತ್ರ. ಆ ಅಲ್ಪ ಭಾಗದಲ್ಲಿಯೂ ಕೆಲವನ್ನು ಸಂಚಾರ ಆದೇಶಗಳಿಂದ ಮುಚ್ಚಲಾಗಿದೆ. ಹಾದಿಗಳು ಕಡಿಮೆಯಾದಷ್ಟೂ ಉಳಿದವುಗಳ ಮೇಲೆ ಗಾಲಿಗಳ ಭಾರ ಹೆಚ್ಚುತ್ತದೆ, ಅವು ಬೇಗ ಕೆಡುತ್ತವೆ, ಕೆಟ್ಟವೆಂಬ ಕಾರಣಕ್ಕೆ ಅವನ್ನೂ ಮುಚ್ಚಬೇಕೆಂಬ ಕೂಗು ಏಳುತ್ತದೆ.

ಈ ಕಥೆಯ ಮುಖ್ಯ ತಿರುವು ನಮಗೆ ಕಂಡದ್ದು ಬೇರೊಂದು ಕಡೆ. 2000ದ ಕಾಯ್ದೆಯೊಂದು, 1949ಕ್ಕೂ ಹಿಂದಿನ ಕಾಲುದಾರಿ, ಕುದುರೆದಾರಿಗಳು 2026ರ ಜನವರಿ 1ರೊಳಗೆ ನಕಾಶೆಗೆ ಸೇರದಿದ್ದರೆ ಅವುಗಳ ಹಕ್ಕೂ ನಂದಿಹೋಗುವುದೆಂದು ವಿಧಿಸಿತ್ತು. ನಡೆಯುವವರ ಸಂಸ್ಥೆಯಾದ ರ‍್ಯಾಂಬ್ಲರ್ಸ್ 2020ರಲ್ಲಿ ಸಾವಿರಾರು ಸ್ವಯಂಸೇವಕರನ್ನು ಹಳೆಯ ನಕಾಶೆಗಳ ಮುಂದೆ ಕೂಡಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ದಾಖಲಾಗದೆ ಉಳಿದ 49,000 ಮೈಲಿಗೂ ಹೆಚ್ಚು ಹಾದಿಗಳು ಅವರಿಗೆ ಕಂಡುಬಂದವು. ಮೋಟಾರ್ ಸವಾರರು ಅನುಭವಿಸಿದ ಆತಂಕವನ್ನು ಈಗ ಪಾದಚಾರಿಗಳೂ ಅನುಭವಿಸಿದರು. ಅವರಿಗೆ ಸಿಕ್ಕ ಉತ್ತರ ಮಾತ್ರ ಬೇರೆ. 2023ರಲ್ಲಿ ಇಂಗ್ಲೆಂಡಿನ ಗಡುವು 2031ಕ್ಕೆ ಸರಿಯಿತು; 2024ರ ಕೊನೆಯಲ್ಲಿ ಸರ್ಕಾರ ಗಡುವನ್ನೇ ಕೈಬಿಡುವುದಾಗಿ ಘೋಷಿಸಿತು. ದಾಖಲಾಗದ ಹಕ್ಕು ಒಬ್ಬರ ವಿಷಯದಲ್ಲಿ ಪಾರಂಪರಿಕ ಸಂಪತ್ತು, ಇನ್ನೊಬ್ಬರ ವಿಷಯದಲ್ಲಿ ಕಾನೂನಿನ ರಂಧ್ರ!

ಹಾಗಾದರೆ ಇಬ್ಬರನ್ನೂ ಸಮಾನವಾಗಿ ಕಾಣಬೇಕಿತ್ತೇ? ನಾವು ಹಾಗೆನ್ನಲಾರೆವು. ನಡೆಯುವವನು ಇನ್ನೊಬ್ಬನ ನಡಿಗೆಯನ್ನು ಕೆಡಿಸುವುದಿಲ್ಲ, ಯಂತ್ರ ಕೆಡಿಸಬಲ್ಲದು. ಬಂಡಿಯ ಹಕ್ಕನ್ನು ಕೊಟ್ಟ ಕಾಲದಲ್ಲಿ ಬಂಡಿಯ ವೇಗ ಮನುಷ್ಯನ ನಡಿಗೆಯ ವೇಗಕ್ಕೆ ಸಮೀಪವಾಗಿತ್ತು. ಹೆಸರು ಅದೇ ಉಳಿದು ವೇಗ ಹತ್ತು ಪಟ್ಟಾದರೆ ಹಕ್ಕಿನ ತಿರುಳೂ ಬದಲಾಗುತ್ತದೆ. ಆದರೆ ಅದಕ್ಕೆ ಮದ್ದು ಒಂದೇ ದಿನದಲ್ಲಿ ಎಲ್ಲವನ್ನೂ ಅಳಿಸುವುದಲ್ಲ. 1968ರ ಅದೇ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾದರಿಯಿತ್ತು. ಬೈಸಿಕಲ್ಲಿಗೆ ಕುದುರೆದಾರಿಯನ್ನು ತೆರೆಯುವಾಗ, ಸವಾರ ಪಾದಚಾರಿಗೂ ಕುದುರೆಗೂ ದಾರಿ ಬಿಡಬೇಕೆಂಬ ಕರ್ತವ್ಯವನ್ನು ಅದು ಜೊತೆಗೇ ಕಟ್ಟಿತು. ಹಕ್ಕನ್ನು ಕೊಟ್ಟ ಕೈಯೇ ಅದರ ಮರ್ಯಾದೆಯನ್ನೂ ಬರೆದಿಟ್ಟಿತು. ರಿಜ್‌ವೇ ಎಂಬ ಪ್ರಾಚೀನ ಹಾದಿಯ ಕೆಲವು ಭಾಗಗಳಲ್ಲಿ ನೆಲ ಒದ್ದೆಯಿರುವ ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಮೋಟಾರನ್ನು ನಿಷೇಧಿಸಿರುವುದೂ ಇಂಥದೇ ವಿವೇಕ. ಹಾದಿಗೆ ವಿಶ್ರಾಂತಿ ದೊರೆಯುತ್ತದೆ, ಹಕ್ಕೂ ಉಳಿಯುತ್ತದೆ.

ಸಹ್ಯಾದ್ರಿಯ ಏರುಹಾದಿಗಳಲ್ಲಿ ಈಗ ನಮ್ಮವರ ಯಂತ್ರಗಳೂ ಗುಡುಗತೊಡಗಿವೆ. ಆ ಹಾದಿಯಲ್ಲಿ ಸೌದೆ ಹೊತ್ತು ಬರುವವರಿಗೂ ದನ ಹೊಡೆದುಕೊಂಡು ಬರುವವರಿಗೂ ವಕೀಲರಿಲ್ಲ, ಸಂಘವಿಲ್ಲ. ಅವರ ಹಕ್ಕು ಇರುವುದು ದಿನನಿತ್ಯದ ಅವರ ಓಡಾಟದಲ್ಲಿ. ಇಂಗ್ಲೆಂಡಿನ ಕಥೆ ಹೇಳುವಂತೆ, ಅಂಥ ಹಕ್ಕು ಉಳಿಯಬೇಕಾದರೆ ಯಾರಾದರೂ ಅದನ್ನು ಬರೆದಿಡಬೇಕು. ಮುಂದಿನ ಬಾರಿ ಊರಿಗೆ ಹೋದಾಗ ನಾವು ಹೊಲದ ಪಹಣಿಯೊಂದಿಗೆ ಗ್ರಾಮನಕಾಶೆಯನ್ನೂ ತರಿಸಿ ನೋಡುವುದು ಒಳಿತು. ಅಜ್ಜನ ಬಂಡಿ ಹೋಗುತ್ತಿದ್ದ ಆ ಗೆರೆ ಅದರಲ್ಲಿದೆಯೇ, ಇಲ್ಲವೇ ಎಂಬುದನ್ನು ಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಕೆಲವರಿದ್ದಾರೆ.