ಹಸಿರು ಗೋಡೆಗೆ ಎಷ್ಟು ಅಂಕ?

ಅಮೆರಿಕದಲ್ಲಿ ಬೇಸ್‌ಬಾಲ್ ಮೈದಾನಗಳನ್ನು ಒಂದೊಂದಾಗಿ ನೋಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಹವ್ಯಾಸಿಗಳಿದ್ದಾರೆ. ಬಾಸ್ಟನ್ನಿನಲ್ಲಿ ಓದುತ್ತಿರುವ ನನ್ನ ಅಣ್ಣನ ಮಗನೂ ಅಂಥವನೇ. ಫೆನ್‌ವೇ ಪಾರ್ಕಿಗೆ ಕರೆದೊಯ್ದವನು "ಚಿಕ್ಕಪ್ಪ, ನೀವೂ ಅಂಕ ಹಾಕಬೇಕು" ಎಂದು ಚೀಟಿಯೊಂದನ್ನು ಕೈಗಿಟ್ಟ.

ರೆಡ್ ಸಾಕ್ಸ್ ತಂಡ ಇಲ್ಲಿ ಮೊದಲ ಲೀಗ್ ಪಂದ್ಯ ಆಡಿದ್ದು 1912ರ ಏಪ್ರಿಲ್ 20ರಂದು. ಟೈಟಾನಿಕ್ ಮುಳುಗಿ ಐದೇ ದಿನವಾಗಿತ್ತು. ಹೊಸ ಮೈದಾನದ ಸುದ್ದಿ ಯಾರಿಗೆ ಬೇಕಿತ್ತು? ಈಗ ಬಳಕೆಯಲ್ಲಿರುವ ಮೇಜರ್ ಲೀಗ್ ಮೈದಾನಗಳಲ್ಲಿ ಇದೇ ಅತಿ ಹಳೆಯದು. ಕೂತ ಕೂಡಲೇ ವಯಸ್ಸು ತಿಳಿಯುತ್ತದೆ. ಮರದ ಕುರ್ಚಿ ಇಕ್ಕಟ್ಟು, ಎದುರಿಗೊಂದು ಕಂಬ. ಚೆಂಡೆಸೆಯುವವನನ್ನು ನೋಡಲು ಕತ್ತು ಓರೆ ಮಾಡಬೇಕಾಯಿತು. ಅನುಕೂಲಕ್ಕೆ ನಾಲ್ಕು ಅಂಕ.

ಆದರೆ ಎಡಬದಿಯ ಆ ಗೋಡೆ! 37 ಅಡಿ ಎತ್ತರ; 'ಗ್ರೀನ್ ಮಾನ್‌ಸ್ಟರ್' ಎಂದೇ ಹೆಸರು. ಅದರಾಚೆ ರಸ್ತೆ, ಮೈದಾನ ಚಾಚಲು ಜಾಗವಿರಲಿಲ್ಲ. ಬೇರೆಡೆ ಕ್ಯಾಚ್ ಆಗುವ ಎತ್ತರದ ಹೊಡೆತ ಇಲ್ಲಿ ಹೋಮ್ ರನ್ ಆಗಿಬಿಡಬಹುದು, ಬಿರುಸಿನ ನೇರ ಹೊಡೆತ ಗೋಡೆಗೆ ಬಡಿದು ವಾಪಸು ಬರಬಹುದು. ಹಗ್ಗದ ಬೌಂಡರಿ ನೋಡಿ ಬೆಳೆದ ನನಗೆ ಈ ಅನ್ಯಾಯ ಬಹಳ ಹಿಡಿಸಿತು. ಗೋಡೆಯ ಬುಡದ ಸ್ಕೋರ್‌ಬೋರ್ಡಿನ ಅಂಕಿಗಳನ್ನು ಇಂದಿಗೂ ಕೈಯಿಂದಲೇ ಬದಲಿಸುತ್ತಾರೆ. ಗೋಡೆಗೆ ಹತ್ತಕ್ಕೆ ಹತ್ತು ಬರೆದೆ.

ಆಗ ಹುಡುಗ ಆ ಬೋರ್ಡಿನ ಬಿಳಿ ಗೆರೆಯ ಮೇಲಿದ್ದ ಚುಕ್ಕೆ, ಗೀಟುಗಳನ್ನು ತೋರಿಸಿದ. ಅವು ಟಾಮ್ ಯಾಕೀ ಮತ್ತು ಪತ್ನಿ ಜೀನ್ ಅವರ ಇನಿಷಿಯಲ್‌ಗಳು, ಮೋರ್ಸ್ ಸಂಕೇತದಲ್ಲಿ. ಯಾಕೀ 1933ರಲ್ಲಿ ತಂಡವನ್ನು ಕೊಂಡವರು. ಅವರ ಕಾಲದಲ್ಲೇ, 1945ರ ಏಪ್ರಿಲ್ 16ರಂದು, ಜಾಕಿ ರಾಬಿನ್ಸನ್, ಸ್ಯಾಮ್ ಜೆಥ್ರೋ, ಮಾರ್ವಿನ್ ವಿಲಿಯಮ್ಸ್ ಎಂಬ ಮೂವರು ಕಪ್ಪು ಆಟಗಾರರನ್ನು ಇಲ್ಲಿ ಆಡಿಸಿ ಪರೀಕ್ಷಿಸಿದರು. ರಾಬಿನ್ಸನ್ ಬಾರಿಸಿದ ಚೆಂಡುಗಳು ಇದೇ ಗೋಡೆಗೆ ಬಡಿದವಂತೆ. ಮತ್ತೆ ಕರೆ ಬರಲೇ ಇಲ್ಲ.

1947ರಲ್ಲಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಕಣಕ್ಕಿಳಿದು ವರ್ಣಬೇಲಿಯನ್ನು ಮುರಿದರು. ಜಾಹೀರಾತುಗಳಿಂದ ತುಂಬಿದ್ದ ಈ ಗೋಡೆಗೆ ಹಸಿರು ಬಳಿದದ್ದೂ ಅದೇ ವರ್ಷ. 1950ರಲ್ಲಿ ಜೆಥ್ರೋ ಬಾಸ್ಟನ್ನಿನದೇ ಇನ್ನೊಂದು ತಂಡ ಬ್ರೇವ್ಸ್ ಸೇರಿ, ನ್ಯಾಷನಲ್ ಲೀಗಿನ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದರು. ರೆಡ್ ಸಾಕ್ಸ್ ಪಂಪ್ಸಿ ಗ್ರೀನ್ ಅವರನ್ನು ಆಡಿಸಿದ್ದು 1959ರಲ್ಲಿ, ಆಗಿನ 16 ತಂಡಗಳಲ್ಲಿ ಕಟ್ಟಕಡೆಯದಾಗಿ. ಹೊರಗಿನ ಯಾಕೀ ವೇ ರಸ್ತೆಗೆ ಜೆರ್ಸಿ ಸ್ಟ್ರೀಟ್ ಎಂಬ ಹಳೆಯ ಹೆಸರು ಮರಳಲು 2018 ಬರಬೇಕಾಯಿತು.

ಚೀಟಿಯಲ್ಲಿ ಚರಿತ್ರೆ ಎಂಬ ಖಾನೆಯೂ ಇತ್ತು. ಬಹಳ ಹೊತ್ತು ಅದನ್ನು ಖಾಲಿ ಬಿಟ್ಟೆ. ಕೊನೆಗೆ ಒಟ್ಟು ಏಳು ಎಂದು ಬರೆದೆ.

"ಎಲ್ಲರೂ ಒಂಬತ್ತು ಕೊಡ್ತಾರೆ ಚಿಕ್ಕಪ್ಪ!"

ಚೀಟಿ ತಿರುಗಿಸಿ, ಹಿಂದೆ ಆ ಮೂವರ ಹೆಸರು ಬರೆದುಕೊಟ್ಟೆ.