ಬಿಡುವಿಗೂ ಒಂದು ಚರಿತ್ರೆ

ಹೈಸ್ಕೂಲಿನಲ್ಲಿ ಚರಿತ್ರೆಯ ಪಾಠ ಹೇಳುತ್ತ ನನಗೆ ಇಪ್ಪತ್ತೆಂಟು ವರ್ಷಗಳಾದವು. ಇಮ್ಮಡಿ ಪುಲಿಕೇಶಿ ಹರ್ಷನನ್ನು ತಡೆದದ್ದು, 1565ರಲ್ಲಿ ತಾಳಿಕೋಟೆಯ ಯುದ್ಧವಾದದ್ದು, 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದದ್ದು, ಇವನ್ನೆಲ್ಲ ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೆ ಒಂದು ಪ್ರಶ್ನೆ ಮಾತ್ರ ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಗಲಿಲ್ಲ. ಮನೆಯ ಹೆಂಗಸಿಗೆ ದಿನದಲ್ಲಿ ಒಂದು ಗಂಟೆ ತನ್ನದು ಎಂಬುದು ಯಾವಾಗಿನಿಂದ ಸಿಕ್ಕಿತು?

ಸಂಜೆ ಕೆಲಗೇರಿ ಕೆರೆಯ ಏರಿಯ ಮೇಲೆ ನಾಲ್ಕು ಹೆಜ್ಜೆ ಅಡ್ಡಾಡಿ ಬರುತ್ತೇವೆ. ಊಟವಾದ ಮೇಲೆ ಒಂದು ಕಾದಂಬರಿ ಹಿಡಿದು ಅಡ್ಡಾಗುತ್ತೇವೆ. ಒಗ್ಗರಣೆ ಹಾಕುತ್ತ ರೇಡಿಯೋದಲ್ಲೋ ಫೋನಿನಲ್ಲೋ ಹಾಡು ಕೇಳುತ್ತೇವೆ. ಇಷ್ಟು ಸಣ್ಣ ಸುಖಗಳಿಗೆ ಚರಿತ್ರೆ ಏಕೆ ಎಂದು ನೀವು ಕೇಳಬಹುದು. ಈ ಮೂರೂ ನಮ್ಮ ಅಜ್ಜಿಯರಿಗೆ ಇರಲಿಲ್ಲ. ಇವು ಒಂದೊಂದಾಗಿ ಬಂದವು, ಒಂದೊಂದರ ಹಿಂದೆಯೂ ಯಾರೋ ಬಾಗಿಲು ತೆರೆದಿದ್ದಾರೆ.

ಹಾಗೆಂದು ಅಜ್ಜಿಯರ ಕಾಲದಲ್ಲಿ ಹಾಡೇ ಇರಲಿಲ್ಲವೆಂದಲ್ಲ. ನಸುಕಿನಲ್ಲಿ ಬೀಸುವ ಕಲ್ಲಿನ ಎದುರುಬದುರು ಕೂತು ಜೋಳ ಬೀಸುತ್ತ ಇಬ್ಬರು ಹೆಂಗಸರು ಹಾಡಿದ್ದೇ ಹಾಡು. ಮೂರು ಸಾಲಿನ ಆ ತ್ರಿಪದಿಗಳಲ್ಲಿ ತವರು, ತಮ್ಮ, ತೊಟ್ಟಿಲು, ಅತ್ತೆಯ ಮಾತು ಎಲ್ಲವೂ ಇದ್ದವು. ವಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರು ಮತ್ತು ಅವರ ಗೆಳೆಯರು ಇಂಥ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಆ ಪುಸ್ತಕವನ್ನು ಕೈಗೆತ್ತಿಕೊಂಡಾಗಲೆಲ್ಲ ನನಗೆ ಒಂದು ವಿಚಾರ ಬರುತ್ತದೆ. ಕೂಡಿಹಾಕಿದವರ ಹೆಸರು ನಮಗೆ ಗೊತ್ತು, ಕಟ್ಟಿ ಹಾಡಿದವರ ಹೆಸರು ಗೊತ್ತಿಲ್ಲ. ಆ ಹಾಡು ಹುಟ್ಟಿದ್ದು ಬಿಡುವಿನಲ್ಲಲ್ಲ, ರಟ್ಟೆ ಸೋಲುವ ದುಡಿತದ ನಡುವೆ. ಮುಂದೆ ಊರೂರಿಗೆ ಹಿಟ್ಟಿನ ಗಿರಣಿ ಬಂತು. ರಟ್ಟೆಗೆ ಬಿಡುವು ಸಿಕ್ಕಿತು, ಜೊತೆಗೆ ಬೀಸುವ ಪದವೂ ಬಾಯಿಂದ ಜಾರಿತು. ನನ್ನ ಅಜ್ಜಿಗೆ ಪದ ಹೋದದ್ದಕ್ಕೆ ಅಷ್ಟೇನೂ ದುಃಖವಿರಲಿಲ್ಲ. "ಹಾಡು ಚಂದನ ಇತ್ತವ್ವಾ, ಆದರ ಕಲ್ಲು ನಾ ತಿರುವಬೇಕಿತ್ತಲ್ಲ" ಎನ್ನುತ್ತಿದ್ದಳು. ಹಳೆಯ ಕಾಲವನ್ನು ಬಣ್ಣಿಸುವ ಉತ್ಸಾಹ ಬಂದಾಗ ಈ ಮಾತು ನೆನೆಸಿಕೊಳ್ಳುವುದು ಒಳ್ಳೆಯದು.

ಓದು ಬಂದದ್ದು ಇನ್ನೊಂದು ದಾರಿಯಿಂದ. ಆ ದಾರಿಯನ್ನು ಅಕ್ಷರಶಃ ನಡೆದವರು ಗಳಗನಾಥರು (1869–1942). ಶಾಲಾ ಮಾಸ್ತರರಾಗಿದ್ದ ಅವರು ಕಾದಂಬರಿಗಳನ್ನು ಬರೆದು ಅಚ್ಚು ಹಾಕಿಸಿದ್ದಷ್ಟೇ ಅಲ್ಲ, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಗ್ರಂಥಾಲಯಕ್ಕೆ ಹೋಗಲಾರದ ಹೆಂಗಸಿನ ಹೊಸ್ತಿಲಿನವರೆಗೆ ಪುಸ್ತಕವೇ ನಡೆದು ಬಂತು ಎಂದರೆ ತಪ್ಪಲ್ಲ. ಅದೇ ಹೊತ್ತಿಗೆ ಮೈಸೂರು ಸೀಮೆಯ ನಂಜನಗೂಡಿನಲ್ಲಿ ತಿರುಮಲಾಂಬಾ (1887–1982) ಎಂಬ ಹೆಣ್ಣುಮಗಳು ಇನ್ನೂ ದೊಡ್ಡ ಸಾಹಸಕ್ಕೆ ಕೈ ಹಾಕಿದ್ದರು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಅವರಿಗೆ ಮನೆಯೇ ಶಾಲೆಯಾಯಿತು. 1913ರಲ್ಲಿ 'ಸತೀ ಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ಅವರು ಆರಂಭಿಸಿದರು. ತಾವೇ ಬರೆದು ತಾವೇ ಪ್ರಕಟಿಸಿದರು, ಮುಂದೆ ಪತ್ರಿಕೆಯನ್ನೂ ನಡೆಸಿದರು. 1921ರಲ್ಲಿ ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಮಾಸಪತ್ರಿಕೆ ತೆಗೆದು ನಾಲ್ಕು ದಶಕ ನಡೆಸಿದರು. ಅವರೂ ಬಾಲವಿಧವೆಯೇ. ಶುಭಕಾರ್ಯಕ್ಕೆ ಬೇಡವೆಂದು ಯಾರನ್ನು ಹಿಂದೆ ಸರಿಸಿದರೋ ಅವರೇ ಹೆಂಗಸರ ಕೈಗೆ ಪುಸ್ತಕ ಕೊಟ್ಟರು ಎಂಬುದನ್ನು ನಾವು ಮರೆಯಬಾರದು.

ನನ್ನ ತಾಯಿ ಮುಲ್ಕಿ ಪರೀಕ್ಷೆ ಪಾಸಾದವಳು. ಓಣಿಯ ಮೂಲೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಪುಟ್ಟ ಅಂಗಡಿಯಿತ್ತು. ಅಲ್ಲಿಂದ ತ್ರಿವೇಣಿಯವರ ಕಾದಂಬರಿಗಳು ಕೈಚೀಲದಲ್ಲಿ ಕಾಯಿಪಲ್ಲೆಯ ಕೆಳಗೆ ಕೂತು ಮನೆಗೆ ಬರುತ್ತಿದ್ದವು. 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿ ಹೆಣ್ಣಿನ ಮನಸ್ಸಿನ ಕಾಯಿಲೆಯನ್ನು, ಹೇಳಿಕೊಳ್ಳಲಾರದ ಸಂಕಟವನ್ನು ಮುಚ್ಚುಮರೆಯಿಲ್ಲದೆ ಬರೆದವರು. ಅವ್ವ ಓದುತ್ತಿದ್ದುದು ಹಾಲು ಉಕ್ಕುವುದನ್ನು ಕಾಯುತ್ತ ಒಲೆಯ ಮುಂದೆ. ಯಾರಾದರೂ ಬಂದರೆ ಪುಸ್ತಕ ಮೊರದ ಕೆಳಗೆ ಹೋಗುತ್ತಿತ್ತು. ಓದುವುದನ್ನು ಯಾರೂ ಬೇಡವೆನ್ನುತ್ತಿರಲಿಲ್ಲ. ಕೆಲಸವಿಲ್ಲದೆ ಕೂತಿದ್ದಾಳೆ ಎನ್ನಿಸಿಕೊಳ್ಳುವುದಕ್ಕೆ ಅವಳಿಗೆ ಅಂಜಿಕೆ, ಅಷ್ಟೆ.

ಇನ್ನು ಸಂಗೀತ. ತಿರುಮಲಾಂಬಾ ಗ್ರಂಥಮಾಲೆ ತೆರೆದ ಆ 1913ರಲ್ಲೇ ನಮ್ಮ ಧಾರವಾಡದಲ್ಲಿ ಗಂಗೂಬಾಯಿ ಹಾನಗಲ್ಲರು ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಬಲ್ಲವರು. ಯಾರದೋ ಮನೆಯ ಗ್ರಾಮಾಫೋನಿನ ದನಿ ಕೇಳಿದರೆ ಸಾಕು, ಬಾಲಕಿ ಗಂಗೂಬಾಯಿ ಬೀದಿಗೆ ಓಡಿಬಂದು ನಿಲ್ಲುತ್ತಿದ್ದರು. ಅದೇ ಬೀದಿಯಲ್ಲಿ ನಡೆಯುವಾಗ 'ಗಾನೇವಾಲಿ' ಎಂದು ಮೂದಲಿಸುವವರೂ ಇದ್ದರು. ಹಾಡುವ ಮನೆತನದ ಹೆಣ್ಣು ಎಂದರೆ ಆಗ ಮರ್ಯಾದಸ್ಥರ ಪಡಸಾಲೆಗೆ ಬೇಡವಾದವಳು. ಆಕೆಯ ಹಾಡು ಬೇಕು, ಆಕೆ ಬೇಡ. ಮುಂದೆ ಹುಬ್ಬಳ್ಳಿಗೆ ಬಂದು ಮನೆ, ಮಕ್ಕಳು, ಹಣದ ಅಡಚಣೆ ಎಲ್ಲವನ್ನೂ ತೂಗಿಸಿಕೊಂಡು, ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತು, ರಾತ್ರಿ ಮನೆಗೆ ಮರಳುತ್ತಿದ್ದರು. ಅಲ್ಲಿಯೇ ಇದ್ದು ಕಲಿಯುತ್ತಿದ್ದ ಭೀಮಸೇನ ಜೋಶಿಯವರು ಅವರನ್ನು ಸ್ಟೇಶನ್ನಿನವರೆಗೆ ಕಳಿಸಿಬರುತ್ತಿದ್ದರು. 2002ರಲ್ಲಿ ಗಂಗೂಬಾಯಿಯವರಿಗೆ ಪದ್ಮವಿಭೂಷಣ ಬಂದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಕತ್ತಲ ದಾರಿ.

ಆ ದನಿ ನಮ್ಮ ಮನೆಗಳಿಗೆ ಬಂದದ್ದು ರೇಡಿಯೋದಿಂದ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ತೆರೆದರು, 'ಆಕಾಶವಾಣಿ' ಎಂಬ ಹೆಸರು ನಿಂತದ್ದು ಅಲ್ಲಿಂದ. ಧಾರವಾಡಕ್ಕೆ ಆಕಾಶವಾಣಿ ಬಂದದ್ದು 1950ರಲ್ಲಿ. ಪಡಸಾಲೆಯ ಹೊಸ್ತಿಲು ದಾಟಲು ಯಾರಿಗೆ ಅಡ್ಡಿಯಿತ್ತೋ ಆಕೆಯ ಹಾಡು ನೇರವಾಗಿ ಅಡಿಗೆಮನೆಗೆ ಬಂದು ಕೂತಿತು. ಕಚೇರಿಗೆ ಹೋಗದ, ಹೋಗಲು ಯಾರೂ ಕರೆಯದ ಹೆಂಗಸರು ರೊಟ್ಟಿ ಬಡಿಯುತ್ತ ರಾಗದ ಗುರುತು ಹಿಡಿಯುವುದನ್ನು ಕಲಿತರು. ಇದು ಯಾವ ಸುಧಾರಣೆಗಿಂತ ಕಡಿಮೆ?

ಮೂರರಲ್ಲಿ ಕೊನೆಗೆ ಬಂದದ್ದು ತಿರುಗಾಟ. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಸೇರಿದ 'ಗೆಳೆಯರ ಗುಂಪು' ನಮ್ಮ ಊರಿನ ಹೆಮ್ಮೆ. ಗಂಡಸರು ಮಾತಾಡುತ್ತ, ಹರಟೆ ಹೊಡೆಯುತ್ತ ಮೈಲಿಗಟ್ಟಲೆ ತಿರುಗಿದರೆ ಅದರಿಂದ ಸಾಹಿತ್ಯ ಹುಟ್ಟುತ್ತಿತ್ತು. ಹೆಂಗಸು ಹೊರಬೀಳಬೇಕಾದರೆ ಕೈಯಲ್ಲಿ ಕೊಡವೋ ಹಣ್ಣುಕಾಯಿಯ ತಟ್ಟೆಯೋ ಇರಬೇಕು. ಬರಿಗೈಯಲ್ಲಿ ಹೊರಟವಳನ್ನು ಊರು ತಡೆದು ಕೇಳುತ್ತಿತ್ತು. ಈಗಲೂ ಕೇಳುತ್ತದೆ. "ದೂರ ಹೊಂಟೀರೇನ್ರಿ ಅಕ್ಕೋರ?" ಎಂದರೆ "ಸುಮ್ಮ ಅಡ್ಡ್ಯಾಡಾಕ" ಎಂದು ಹೇಳಲು ನಾಲಿಗೆ ಹಿಂಜರಿಯುತ್ತದೆ. ನಮ್ಮ ವಯಸ್ಸಿನವರಿಗೆ ಆ ಅಪ್ಪಣೆ ಸಿಕ್ಕದ್ದು ವೈದ್ಯರಿಂದ. ಸಕ್ಕರೆ ಕಾಯಿಲೆ, ಬಿ.ಪಿ., ಮೊಣಕಾಲು ನೋವು ಎಂದು ಡಾಕ್ಟರು ಚೀಟಿಯಲ್ಲಿ ಬರೆದ ಮೇಲೆ ಮನೆಯವರೇ ಬೂಟು ತಂದುಕೊಟ್ಟರು. ಕಾಯಿಲೆಯ ನೆವದಲ್ಲಿ ನಡೆಯುತ್ತೇವೆಯೇ ಹೊರತು ನಡೆಯುವ ಸುಖಕ್ಕಾಗಿ ನಡೆಯುತ್ತೇನೆಂದು ಹೇಳುವವರು ಇನ್ನೂ ಕಡಿಮೆ. ಕೆರೆಯ ನೀರಿನ ಮೇಲೆ ಬಿಸಿಲು ಇಳಿಯುವುದನ್ನು, ಬೆಳ್ಳಕ್ಕಿಗಳು ಮರಕ್ಕೆ ಮರಳುವುದನ್ನು ನೋಡಲು ಯಾವ ಕಾಯಿಲೆಯೂ ಬೇಕಾಗಿಲ್ಲ.

ಇಷ್ಟೆಲ್ಲ ಹೇಳಿ ಒಂದು ಮಾತು ಬಿಟ್ಟರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಗಿರಣಿ, ನಲ್ಲಿ, ಗ್ಯಾಸು, ಕುಕ್ಕರು, ಮಿಕ್ಸರು ನಮ್ಮ ದುಡಿತ ಇಳಿಸಿದವು. ಅವುಗಳ ಸಾಲಿನಲ್ಲೇ, ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕಲು ಬರುವ ಹೆಂಗಸೂ ಇದ್ದಾಳೆ. "ನೀನೂ ಸಂಜೀಕ ಒಂದಿಷ್ಟು ಅಡ್ಡ್ಯಾಡಿ ಬಾ" ಎಂದು ಒಮ್ಮೆ ಅವಳಿಗೆ ಹೇಳಿದೆ. ನಕ್ಕು, "ಐದ ಮನಿ ತಿರುಗೂದು ಸಾಲದೇನ್ರಿ ಅಕ್ಕೋರ?" ಎಂದಳು. ನಮ್ಮ ಒಂದು ಗಂಟೆಯ ತಿರುಗಾಟ ಅವಳ ಐದು ಮನೆಯ ತಿರುಗಾಟದ ಮೇಲೆ ನಿಂತಿದೆ. ಬಿಡುವಿನ ಚರಿತ್ರೆಯಲ್ಲಿ ಅವಳ ಹೆಸರೂ ಬರಬೇಕು. ಗರತಿಯ ಹಾಡು ಕಟ್ಟಿದವರ ಹೆಸರಿನಂತೆ ಅದೂ ಕಳೆದುಹೋಗಬಾರದು.

ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಪಠ್ಯದ ಹೊರಗಿನ ಒಂದು ಪ್ರಶ್ನೆ ಕೊಟ್ಟೆ. ನಿಮ್ಮ ಅವ್ವನಿಗೆ ಯಾವಾಗ ಬಿಡುವು ಎಂದು ಮನೆಯಲ್ಲಿ ಕೇಳಿ ಬರೆದುಕೊಂಡು ಬನ್ನಿ ಎಂದೆ. ಕೆಲವರು 'ಮಧ್ಯಾಹ್ನ' ಎಂದು ಬರೆದರು, ಕೆಲವರು 'ಧಾರಾವಾಹಿಯ ಹೊತ್ತು' ಎಂದರು, ಹಲವರು ಕಾಗದ ಖಾಲಿ ಬಿಟ್ಟರು. ಒಬ್ಬ ಹುಡುಗಿ ಬರೆದಿದ್ದಳು: 'ಕರೆಂಟು ಹೋದಾಗ. ಆಗ ನಮ್ಮವ್ವ ಹೊರಗ ಕಟ್ಟೀ ಮ್ಯಾಲೆ ಬಂದು ಕೂಡ್ತಾಳ, ಹಾಡ್ತಾಳ.' ಆ ಉತ್ತರಕ್ಕೆ ಎಷ್ಟು ಅಂಕ ಹಾಕಬೇಕೆಂದು ತಿಳಿಯದೆ, ಕಾಗದವನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.