ಹನ್ನೊಂದರಿಂದ ಆರಂಭವಾದ ಮಾಲೆ

ಮೈಲಾಪೂರಿನ ಲಸ್ ಬಳಿ ಹಳೆಯ ಪುಸ್ತಕಗಳ ರಾಶಿ ಕೆದಕಿ ಅಮರ ಚಿತ್ರಕಥೆಗಳನ್ನು ಕೂಡಿಸಿದವರಿಗೆಲ್ಲ ಈ ತೊಡಕು ಗೊತ್ತು. ಇಂಗ್ಲಿಷ್ ಮಾಲೆಯ ಮೊದಲ ಪುಸ್ತಕ 'ಕೃಷ್ಣ'. ಅದರ ಸಂಖ್ಯೆ ಮಾತ್ರ 11! ಮೊದಲಿನ ಹತ್ತು ಎಲ್ಲಿ ಹೋದವು?

ಇಂಗ್ಲಿಷಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವು ಸಿಂಡರೆಲ್ಲಾ, ಅಲ್ಲಾದೀನ್, ಪಿನೋಕಿಯೊ ಮೊದಲಾದ ಪರದೇಶದ ಕಥೆಗಳು. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಆಸಕ್ತಿಯಿಂದ ಕನ್ನಡದಲ್ಲಿ ಬಂದವು.

ಮಾಲೆಯ ಜನಕರೆಂದು ಎಲ್ಲೆಡೆ ಕೇಳಿಬರುವ ಹೆಸರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರದು. 1967ರಲ್ಲಿ ದೂರದರ್ಶನದ ರಸಪ್ರಶ್ನೆಯಲ್ಲಿ ಗ್ರೀಕ್ ದೇವತೆಗಳನ್ನು ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ತಿಳಿಯದ್ದನ್ನು ಕಂಡು ಅವರು ಮರುಗಿದ ಕಥೆ ಪ್ರಸಿದ್ಧ. ಪುರಾಣ, ಇತಿಹಾಸಗಳತ್ತ ಮಾಲೆಯನ್ನು ತಿರುಗಿಸಿದ ಹಿರಿಮೆ ನಿಜಕ್ಕೂ ಅವರದೇ. ಆದರೆ ಕನ್ನಡದ ಆ ಹತ್ತನ್ನು ಬಿಟ್ಟು ಚರಿತ್ರೆ ಬರೆಯುವುದು ನ್ಯಾಯವೆ?

ಇನ್ನೊಂದು ಮಾತು. ಮರುಮುದ್ರಣಗಳಲ್ಲಿ 'ಕೃಷ್ಣ'ನ ಸಂಖ್ಯೆ 501 ಆಯಿತು. ಸಂಖ್ಯೆಯನ್ನಷ್ಟೇ ನೋಡಿ ಕೊಂಡರೆ ಒಂದೇ ಪುಸ್ತಕಕ್ಕೆ ಎರಡು ಸಲ ಹಣ ತೆರಬೇಕಾದೀತು.

ಮಕ್ಕಳು ಓದಿ ಹರಿದ ಪುಸ್ತಕ ರದ್ದಿಗೆ ಹೋಗುವುದೇ ಹೆಚ್ಚು. ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿ. ಕನ್ನಡದ ಸಿಂಡರೆಲ್ಲಾ ಸಿಕ್ಕರೆ, ರಟ್ಟು ಹರಿದಿದ್ದರೂ ಸರಿ, ಜೋಪಾನವಾಗಿ ತನ್ನಿ.